ಬಿಸಿಯಾಗದ ಪೆಟ್ಟಿಗೆ

ನಮ್ಮೂರಿನಲ್ಲಿ ಒಂದೇ ಬೀದಿಯ ಇಬ್ಬರು ಮಾತು ಬಿಟ್ಟರೆ ಆ ಬೀದಿಯ ಕರೆಂಟು ಹೋಗುತ್ತದೆ. ಇಬ್ಬರಲ್ಲಿ ಒಬ್ಬರು ಸೋತು ಇನ್ನೊಬ್ಬರನ್ನು ಮಾತಾಡಿಸಿದ ಕೂಡಲೆ ಬರುತ್ತದೆ. ಬೈದಾಡಿದರೆ ಏನೂ ಆಗುವುದಿಲ್ಲ, ಬೈಗುಳವೂ ಮಾತೇ ತಾನೆ. ನಲ್ಲಿಯ ಹತ್ತಿರ ನಮ್ಮ ಹೆಂಗಸರು ಕೊಡ ತುಂಬಿ ಹರಿಯುವುದನ್ನೂ ಗಮನಿಸದೆ ಬೈದಾಡುತ್ತಾರೆ, ಒಂದು ಬಲ್ಬೂ ಮಿಣುಕುವುದಿಲ್ಲ. ಮಕ್ಕಳು ಠೂ ಬಿಟ್ಟರೆ ಟ್ಯೂಬ್‌ಲೈಟು ಎರಡು ಸಲ ಕಣ್ಣು ಹೊಡೆದು ಸುಮ್ಮನಾಗುತ್ತದೆ. ದೊಡ್ಡವರು ಬಾಯಿಗೆ ಬೀಗ ಹಾಕಿಕೊಂಡರೆ ಮಾತ್ರ ಫ್ಯಾನು ನಿಲ್ಲುತ್ತದೆ, ಗಿರಣಿ ನಿಲ್ಲುತ್ತದೆ, ಅರ್ಧ ರುಬ್ಬಿದ ಚಟ್ನಿ ಮಿಕ್ಸಿಯಲ್ಲೇ ಕೂರುತ್ತದೆ.

ತಪ್ಪಿಸಿಕೊಳ್ಳುವ ದಾರಿಗಳನ್ನೆಲ್ಲ ನಮ್ಮ ಹಿರಿಯರು ಹುಡುಕಿ ನೋಡಿಯಾಗಿದೆ. ಗೋಡೆಯ ಕಡೆ ತಿರುಗಿ ಹೇಳಿದ್ದು, ಬೆಕ್ಕಿಗೆ ಹೇಳಿದ ಹಾಗೆ ಗಂಡನಿಗೆ ಹೇಳಿದ್ದು, ಚೀಟಿ ಬರೆದಿಟ್ಟಿದ್ದು, ಈಚೆಗೆ ಫೋನಿನಲ್ಲಿ ಮೆಸೇಜು ಕಳಿಸಿದ್ದು, ಯಾವುದೂ ನಡೆಯುವುದಿಲ್ಲ. ಇನ್ನೊಬ್ಬರಿಗೆಂದೇ ಬಾಯಿ ಬಿಟ್ಟು ಆಡಿದ ಮಾತಾಗಬೇಕು. ಊರು ಬಿಟ್ಟು ಹೋದರೂ ಬಿಡುಗಡೆಯಿಲ್ಲ. ಹಳೇ ಚಾವಡಿ ಬೀದಿಯಲ್ಲಿ ಅಣ್ಣತಮ್ಮಂದಿರು ಒಂದು ಏಣಿಯ ವಿಷಯಕ್ಕೆ ಮಾತು ಬಿಟ್ಟರು, ತಮ್ಮ ಬೆಳಗಿನ ಬಸ್ಸು ಹತ್ತಿ ಹೋದವನು ತಿರುಗಿ ಬರಲಿಲ್ಲ. ಆ ಬೀದಿಗೆ ಮೂವತ್ತೊಂದು ವರ್ಷದಿಂದ ಕರೆಂಟಿಲ್ಲ. ಒಬ್ಬೊಬ್ಬರೇ ಮನೆ ಖಾಲಿ ಮಾಡಿಕೊಂಡು ಹೋದರು, ಈಗ ಅಲ್ಲಿ ಎಮ್ಮೆ ಕಟ್ಟುತ್ತಾರೆ.

ಇಂಥ ಊರಿನಲ್ಲಿ ಯುಪಿಎಸ್ ರಿಪೇರಿ ಮಾಡುವವನಿಗೆ ಕೆಲಸಕ್ಕೆ ಬರವಿಲ್ಲ. ಅವನೇ ನಾನು. ಪಂಚಾಕ್ಷರಿ ಎಂದು ಹೆಸರು, ಊರೆಲ್ಲ ಕರೆಯುವುದು ಯುಪಿಎಸ್ ಪಂಚಣ್ಣ ಎಂದು. ಮನೆಯ ಮುಂದಿನ ಕೋಣೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಒಂದು ನಡುಮನೆ, ಅದರಾಚೆ ಒಂದು ಮಲಗುವ ಕೋಣೆ. ಇರುವುದು ನಾನು ಮತ್ತು ನನ್ನ ಹೆಂಡತಿ ದಾಕ್ಷಾಯಿಣಿ, ಇಬ್ಬರೇ. ನಾನು ಕೆಟ್ಟವನಲ್ಲ. ಆದರೆ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದರೆ ನನಗೆ ಗೊತ್ತಿಲ್ಲದ ಸಂಗತಿ ಲೋಕದಲ್ಲಿ ಯಾವುದೂ ಇಲ್ಲ ಅನ್ನಿಸಿಬಿಡುತ್ತದೆ. ಸ್ಕ್ರೂಡ್ರೈವರ್ ನನ್ನ ಕೈಯಲ್ಲಿ ಇಲ್ಲದಿರುವುದು ಸ್ನಾನ ಮಾಡುವಾಗ ಮಾತ್ರ ಎಂದು ದಾಕ್ಷಾಯಿಣಿ ಹೇಳುತ್ತಾಳೆ.

ಹಳೆಯ ಯುಪಿಎಸ್ಸನ್ನು ನೀವು ನೋಡಿರುತ್ತೀರಿ. ಕಬ್ಬಿಣದ ಪೆಟ್ಟಿಗೆ, ಒಳಗೆ ತಾಮ್ರದ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರು, ಎತ್ತಲು ಇಬ್ಬರು ಬೇಕು. ಪಕ್ಕದಲ್ಲಿ ಎರಡು ತಿಂಗಳಿಗೊಮ್ಮೆ ನೀರು ಕೇಳುವ ಬ್ಯಾಟರಿ. ಕರೆಂಟು ಹೋದರೆ ಟಕ್ ಎನ್ನುತ್ತದೆ, ಬಂದರೆ ಟಕ್ ಎನ್ನುತ್ತದೆ, ನಡುವೆ ಹೊಟ್ಟೆನೋವು ಬಂದವರ ಹಾಗೆ ಗೊಂಯ್ ಎಂದು ನರಳುತ್ತದೆ. ನೂರು ಪಾಲು ಕರೆಂಟಿನಲ್ಲಿ ಎಪ್ಪತ್ತನ್ನು ದೀಪಕ್ಕೂ ಫ್ಯಾನಿಗೂ ಕೊಟ್ಟು ಮೂವತ್ತನ್ನು ತಾನೇ ತಿಂದು ಬಿಸಿಯಾಗಿ ಹೊರಗೆ ಬಿಡುತ್ತದೆ. ಕರೆಂಟು ಇದ್ದಾಗಲೂ, ಮಾಡಲು ಕೆಲಸವೇ ಇಲ್ಲದಾಗಲೂ ಒಂದು ಮೂಲೆಯಲ್ಲಿ ಕೂತು ತಿನ್ನುತ್ತಿರುತ್ತದೆ. ನನ್ನ ಭಾವಮೈದ ಒಬ್ಬನಿದ್ದಾನೆ, ಇರಲಿ, ಅವನ ಮಾತು ಈಗ ಬೇಡ.

ನಮ್ಮೂರಿಗೆ ವರ್ಷದಲ್ಲಿ ಎಂಟು ತಿಂಗಳು ಚಳಿ. ಹಾಗಾಗಿ ಆ ಬಿಸಿಗೆ ಜನ ಒಗ್ಗಿಹೋಗಿದ್ದರು. ದೋಸೆಹಿಟ್ಟು ಉಬ್ಬುವುದು ಪೆಟ್ಟಿಗೆಯ ಮೇಲೆ, ಮೊಸರು ಹೆಪ್ಪಾಗುವುದು ಪೆಟ್ಟಿಗೆಯ ಪಕ್ಕ, ಒದ್ದೆ ಕಾಲುಚೀಲ ಒಣಗುವುದು ಪೆಟ್ಟಿಗೆಯ ಹಿಂದೆ. ದಾಕ್ಷಾಯಿಣಿ ಸಂಜೆ ಕೆಲಸ ಮುಗಿಸಿ ಮಣೆ ಹಾಕಿಕೊಂಡು ಅದಕ್ಕೆ ಮಂಡಿ ತಾಗಿಸಿ ಕೂರುತ್ತಿದ್ದಳು. ಕರೆಂಟು ಹೋದಾಗ ಪೆಟ್ಟಿಗೆ ಇನ್ನಷ್ಟು ಕಾಯುತ್ತದೆ, ಮನೆಮಂದಿಯೆಲ್ಲ ಅದರ ಸುತ್ತ ಬಂದು ಕೂರುತ್ತಾರೆ. ಮಾತು ಬಿಟ್ಟವರೂ ಬರಲೇಬೇಕು, ಚಳಿ ಯಾರನ್ನು ಬಿಡುತ್ತದೆ. ಎದುರುಬದುರು ಕೂತು ಎಷ್ಟು ಹೊತ್ತು ಮುಖ ತಿರುಗಿಸಿಕೊಂಡಿರಲು ಸಾಧ್ಯ. ಎರಡೂವರೆ ಗಂಟೆ ಕಳೆದಾಗ ಪೆಟ್ಟಿಗೆ ಕುಂಯ್ ಕುಂಯ್ ಎಂದು ಎಚ್ಚರಿಸುತ್ತದೆ, ಮೂರಕ್ಕೆ ಬ್ಯಾಟರಿ ಮುಗಿಯುತ್ತದೆ. ಅಷ್ಟರಲ್ಲಿ ಒಬ್ಬರಲ್ಲ ಒಬ್ಬರು, ಸ್ವಲ್ಪ ಆ ಕಡೆ ಸರೀತೀರಾ ಎಂದು ಕೇಳಿರುತ್ತಾರೆ. ನಮ್ಮ ಬೀದಿಯ ಮುನಿಸುಗಳೆಲ್ಲ ಮೂರು ಗಂಟೆಯೊಳಗಿನವು. ಅದಕ್ಕೆ ಕಾರಣ ಜನರ ಒಳ್ಳೆಯತನ ಎಂದು ನಾವು ಬಹಳ ಕಾಲ ನಂಬಿದ್ದೆವು.

ಇನ್ನೊಂದು ಪದ್ಧತಿಯೂ ಇತ್ತು. ಕರೆಂಟು ಹೋಗಿ ಸ್ವಲ್ಪ ಹೊತ್ತಾದ ಮೇಲೆ ಬೀದಿಯ ಹಿರಿಯಳು ಲಾಟೀನು ಹಿಡಿದು ಮನೆಮನೆಯ ಬಾಗಿಲಲ್ಲಿ ನಿಂತು, "ಯಾರ ಮನೇದು?" ಎಂದು ಕೇಳುತ್ತಾಳೆ. ಹಗಲಾದರೂ ಲಾಟೀನು ಇರಬೇಕು. ನಮ್ಮ ಬೀದಿಗೆ ಎಂಬತ್ತೆರಡು ವರ್ಷದ ಚೆನ್ನಾಜಮ್ಮ. ಅವಳ ಮುಂದೆ ಸುಳ್ಳು ಹೇಳುವುದು ಕಷ್ಟ, ಯಾಕೆಂದರೆ ಹಿಂದೆಯೇ ಫ್ಯಾನಿಲ್ಲದೆ ಗಿರಣಿಯಿಲ್ಲದೆ ಬೇಸತ್ತ ನೆರೆಹೊರೆ ಬಂದು ನಿಂತಿರುತ್ತದೆ. ನಮ್ಮದೇ ಎಂದು ಒಪ್ಪಿಕೊಂಡರೆ ಚೆನ್ನಾಜಮ್ಮ ಒಳಗೆ ಬಂದು ಇಬ್ಬರ ನಡುವೆ ಕೂರುತ್ತಾಳೆ, ತೀರ್ಪು ಹೇಳುವುದಿಲ್ಲ, ಕಾಫಿ ಕೇಳುತ್ತಾಳೆ. ಕಾಫಿಗೆ ಸಕ್ಕರೆ ಎಷ್ಟು ಎಂಬಲ್ಲಿಗೆ ಜಗಳ ಮುಗಿಯುತ್ತದೆ.

ಹೋದ ವರ್ಷ ಹೊಸ ಬಗೆಯ ಯುಪಿಎಸ್ ಬಂತು. ಸೂಟ್‌ಕೇಸಿನಷ್ಟು ದಪ್ಪ, ಗೋಡೆಗೆ ನೇತುಹಾಕಿದರಾಯಿತು. ಬ್ಯಾಟರಿ ಒಳಗೇ, ನೀರು ಕೇಳುವುದಿಲ್ಲ. ನೂರರಲ್ಲಿ ತೊಂಬತ್ತೈದು ಪಾಲನ್ನು ಮನೆಗೇ ಕೊಡುತ್ತದೆ. ಕರೆಂಟು ಹೋದದ್ದೂ ಬಂದದ್ದೂ ಫ್ಯಾನಿಗೇ ತಿಳಿಯುವುದಿಲ್ಲ. ಯಾರೂ ಮುಟ್ಟದಿದ್ದರೆ ಒಂದೆರಡು ನಿಮಿಷದಲ್ಲಿ ತನ್ನ ದೀಪವನ್ನೂ ಆರಿಸಿಕೊಳ್ಳುತ್ತದೆ, ಏನಾಗುತ್ತಿದೆ ಎಂದು ನೋಡಬೇಕಾದರೆ ಗುಂಡಿ ಒತ್ತಿ ಎಬ್ಬಿಸಬೇಕು. ಮಹಡಿಯ ಮೇಲೆ ಒಂದು ಸೋಲಾರ್ ಪ್ಯಾನೆಲ್ ಹಾಕಿದರೆ ಸರಿ, ಬೀದಿಗೆ ಕರೆಂಟು ಬಂದರೇನು ಬಿಟ್ಟರೇನು. ನನಗೆ ಅದರ ಮೇಲೆ ಮೋಹ ಹುಟ್ಟಿತು. ಬಂದವರ ಒಂದು ಕೈಯನ್ನು ಹಳೆಯ ಪೆಟ್ಟಿಗೆಯ ಮೇಲೆ, ಇನ್ನೊಂದನ್ನು ಹೊಸದರ ಮೇಲೆ ಇಡಿಸುತ್ತಿದ್ದೆ. "ಇದು ಜ್ವರ, ಇದು ಆರೋಗ್ಯ," ಎನ್ನುತ್ತಿದ್ದೆ. ಆರು ತಿಂಗಳಲ್ಲಿ ನಮ್ಮ ಬೀದಿಯ ಮೂವತ್ತೆರಡು ಮನೆಗೆ ಹೊಸದು ಬಂತು. ಚೆನ್ನಾಜಮ್ಮ ಒಬ್ಬಳೇ ಒಪ್ಪಲಿಲ್ಲ. "ಬಿಸಿ ಇಲ್ದಿದ್ರೆ ಅದು ಬದುಕೈತೋ ಸತ್ತೈತೋ ಹೆಂಗಪ್ಪಾ ತಿಳಿಯೋದು," ಎಂದಳು. ಹಳೇಕಾಲದವಳು ಎಂದು ನಾನು ನಕ್ಕೆ.

ನಮ್ಮ ಮನೆಯ ನಡುಮನೆಯಲ್ಲೂ ಇನ್ನೂ ಹಳೆಯದೇ ಇತ್ತು. ಊರಿಗೆಲ್ಲ ಆರೋಗ್ಯ ಹಂಚಿ ಮನೆಯಲ್ಲಿ ಜ್ವರ ಇಟ್ಟುಕೊಂಡಿದ್ದೀರಲ್ಲ ಎಂದು ಗಿರಣಿಯ ನಾಗೇಂದ್ರಪ್ಪ ಚುಡಾಯಿಸಿದ. ಅದು ಚುಚ್ಚಿತು. ಕಾರ್ತೀಕ ಕಳೆದ ಮೇಲೆ ದಾಕ್ಷಾಯಿಣಿ ಮೂರು ದಿನಕ್ಕೆಂದು ತಂಗಿಯ ಊರಿಗೆ ಹೋದಾಗ ಹಳೆಯ ಪೆಟ್ಟಿಗೆಯನ್ನು ಕಿತ್ತು ಗುಜರಿಯವನಿಗೆ ಎತ್ತಿಕೊಟ್ಟೆ. ಅದೇ ಗೋಡೆಗೆ ಹೊಸದನ್ನು ನೇತುಹಾಕಿ, ಅವಳು ಖುಷಿಪಡುತ್ತಾಳೆಂದು ಒರೆಸಿ ಫಳಫಳ ಮಾಡಿಟ್ಟೆ.

ಅವಳು ಬಂದ ಸಂಜೆ ಹಿಟ್ಟಿನ ಪಾತ್ರೆ ಹಿಡಿದು ನಡುಮನೆಗೆ ಬಂದವಳು ಆ ಮೂಲೆಯನ್ನು ನೋಡುತ್ತ ನಿಂತಳು.

"ಇಲ್ಲಿದ್ದದ್ದು ಎಲ್ಲಿ?"

"ಗುಜರಿಗೆ ಹಾಕ್ದೆ. ನೋಡು, ಎಷ್ಟು ಜಾಗ ಆಯ್ತು."

"ಒಂದು ಮಾತು ಕೇಳಬೋದಿತ್ತು."

"ಇದ್ರಲ್ಲಿ ಕೇಳೋದೇನಿದೆ? ನಾನು ಇದೇ ಕೆಲ್ಸ ಮಾಡೋನಲ್ವ."

ಅವಳು ಪಾತ್ರೆಯನ್ನು ಬರಿಯ ನೆಲದ ಮೇಲಿಟ್ಟಳು. ಬೆಳಿಗ್ಗೆ ಹಿಟ್ಟು ಇಟ್ಟ ಹಾಗೇ ಇತ್ತು, ಇಡ್ಲಿಗಳು ಹೆಂಚಿನ ಚೂರಿನಂತೆ ಬಂದವು. ನಾನು ಒಂದನ್ನು ಮುರಿಯಲು ಹೆಣಗುತ್ತ, ಸುಮ್ಮನಿರಬೇಕಾದವನು ಪಾಠ ಶುರುಮಾಡಿದೆ.

"ಬಿಸಿ ಅನ್ನೋದೇ ದಂಡ ಕಣೆ. ಕೆಲ್ಸಕ್ಕೆ ಬಾರದೆ ಸೋರಿಹೋಗೋ ಕರೆಂಟಿಗೇ ಬಿಸಿ ಅನ್ನೋದು."

"ಇಪ್ಪತ್ತೆಂಟು ವರ್ಷ ನಾನು ಅದ್ರ ಪಕ್ಕ ಕೂತಿದ್ದೀನಿ," ಎಂದಳು.

"ಹಂಗಾದ್ರೆ ಇಪ್ಪತ್ತೆಂಟು ವರ್ಷ ದಂಡ ಆಯ್ತು ಅನ್ಕೊ," ಎಂದೆ.

ನಾನು ಹೇಳಿದ್ದು ಪೆಟ್ಟಿಗೆಯ ವಿಷಯ. ಆದರೆ ಅವಳ ಮುಖ ನೋಡಿದ ಮೇಲೆ ಅದು ಬೇರೆಲ್ಲಿಗೋ ಹೋಗಿ ತಗುಲಿತೆಂದು ತಿಳಿಯಿತು. ಆಗಲೇ ತಿದ್ದಿಕೊಳ್ಳಬಹುದಿತ್ತು, ಬಾಯಲ್ಲಿ ಇಡ್ಲಿ ಇತ್ತು. ಅವಳು ಚಟ್ನಿಯ ಬಟ್ಟಲನ್ನು ನನ್ನ ಮುಂದಿಟ್ಟು ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಅನುಮಾನ ಬಂದು ಗುಂಡಿ ಒತ್ತಿದೆ. ಬೀದಿಗೆ ಕರೆಂಟಿಲ್ಲ ಎಂದು ಕಿತ್ತಳೆ ದೀಪ ತೋರಿಸಿತು. ತಲೆಯ ಮೇಲೆ ಟ್ಯೂಬ್‌ಲೈಟು ಒಂದು ಸಲವೂ ಮಿಣುಕದೆ ಉರಿಯುತ್ತಿತ್ತು. ಸುಳ್ಳು ಹೇಳಲಾರೆ, ನಾಚಿಕೆಗಿಂತ ಮೊದಲು ನನಗೆ ಆ ಯಂತ್ರದ ಮೇಲೆ ಹೆಮ್ಮೆಯಾಯಿತು.

ಹತ್ತು ಗಂಟೆಯ ಹೊತ್ತಿಗೆ ಚೆನ್ನಾಜಮ್ಮ ಲಾಟೀನು ಹಿಡಿದು ಹೊರಟಳು. ಮೊದಲ ಮನೆಯಲ್ಲಿ ಟಿವಿ ಓಡುತ್ತಿತ್ತು, ಎರಡನೆಯದರಲ್ಲಿ ಮಿಕ್ಸಿ. ನಾಗೇಂದ್ರಪ್ಪನ ಗಿರಣಿಯೂ ನಡೆಯುತ್ತಿತ್ತು, ಅವನಿಗೆ ದೊಡ್ಡದೇ ಕೂರಿಸಿಕೊಟ್ಟಿದ್ದೆ. ಎಲ್ಲರೂ, "ಕರೆಂಟು ಹೋಗೈತಾ ಅಜ್ಜಿ? ನಮಗೆ ಗೊತ್ತೇ ಆಗ್ಲಿಲ್ಲ," ಎಂದರು. ನಮ್ಮ ಬಾಗಿಲಿಗೆ ಬಂದಾಗ ಅವಳ ಹಿಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರ ಮನೇದಪ್ಪಾ ಪಂಚಣ್ಣ?"

"ನಮ್ದಲ್ಲ ಅಜ್ಜಿ," ಎಂದೆ. ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ನಾನು ಹೇಳಿದ ಮೊದಲ ಸುಳ್ಳು ಅದು. ಅವಳು ನನ್ನ ಮುಖವನ್ನು ಲಾಟೀನಿನ ಬೆಳಕಿನಲ್ಲಿ ನೋಡಿ, ಹಗಲಾದ್ದರಿಂದ ಏನೂ ಕಾಣದೆ ಹೋದಳು.

ಮೂರು ಗಂಟೆ ಕಳೆಯಿತು. ಪೆಟ್ಟಿಗೆ ಕುಂಯ್ ಎನ್ನಲಿಲ್ಲ. ಮೂರು ದಿನ ಕಳೆಯಿತು. ಮಹಡಿಯ ಮೇಲಿನ ಪ್ಯಾನೆಲ್ಲು ಬ್ಯಾಟರಿಯನ್ನು ದಿನಾ ತುಂಬಿಸುತ್ತಿತ್ತು, ಪೆಟ್ಟಿಗೆ ಒಂದು ಸ್ವಲ್ಪವೂ ಬಿಸಿಯಾಗದೆ ತನ್ನ ಕೆಲಸ ಮಾಡುತ್ತಿತ್ತು. ಹಳೆಯ ಪೆಟ್ಟಿಗೆಯಿದ್ದರೆ ಸಂಜೆಯಾದರೂ ಇಬ್ಬರೂ ಅದರ ಹತ್ತಿರ ಬಂದು ಕೂರಬೇಕಿತ್ತು. ಈಗ ಅವಳು ಒಲೆಯ ಮುಂದೆ, ನಾನು ಅಂಗಡಿಯಲ್ಲಿ ಕಂಬಳಿ ಹೊದ್ದು. ಊಟದ ತಟ್ಟೆ ಹೊತ್ತಿಗೆ ಸರಿಯಾಗಿ ನಡುಮನೆಗೆ ಬರುತ್ತಿತ್ತು, ಉಪ್ಪು ಖಾರ ಎಲ್ಲ ಮೊದಲಿನಂತೆಯೇ. ಅಡುಗೆಯಲ್ಲಾದರೂ ಸಿಟ್ಟು ತೋರಿಸಿದ್ದರೆ ನನಗೆ ಸುಲಭವಾಗುತ್ತಿತ್ತು.

ನೀನೇ ಮಾತಾಡಿಸಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾತು ಬಿಟ್ಟದ್ದು ಅವಳು, ಆಡಬೇಕಾದದ್ದೂ ಅವಳೇ ಎಂದು ನನ್ನ ನ್ಯಾಯ. ಅದಲ್ಲದೆ ನಾನು ಮೊದಲು ಬಾಯಿ ಬಿಟ್ಟರೆ ಹಳೆಯ ಪೆಟ್ಟಿಗೆಯೇ ಸರಿ ಎಂದು ಒಪ್ಪಿಕೊಂಡ ಹಾಗೆ. ನೂರರಲ್ಲಿ ಮೂವತ್ತು ಪಾಲು ಪೋಲಾಗುವುದನ್ನು ಸರಿ ಎಂದು ಹೇಗೆ ಒಪ್ಪುವುದು. ಇಂಥ ಅಂಕಿಸಂಖ್ಯೆ ಹಿಡಿದುಕೊಂಡು ಹದಿನೆಂಟು ದಿನ ಕಳೆದೆ. ನಮ್ಮ ಬೀದಿಯ ಇತಿಹಾಸದಲ್ಲಿ ಅಷ್ಟು ಉದ್ದದ ಮುನಿಸು ಇರಲಿಲ್ಲ, ಬೀದಿಗೆ ಅದರ ಸುದ್ದಿಯೂ ಇರಲಿಲ್ಲ.

ಹದಿನೆಂಟನೆಯ ದಿನ, ಮಂಗಳವಾರ ಸಂಜೆ, ದಾಕ್ಷಾಯಿಣಿ ಹಿತ್ತಲಲ್ಲಿ ನಿಂತು ತಂಗಿಗೆ ಫೋನು ಮಾಡುವುದು ಕಿವಿಗೆ ಬಿತ್ತು. "ನಾಳೆ ಮೂರು ಗಂಟೆ ಬಸ್ಸಿಗೆ ಬರ್ತೀನಿ. ಎಷ್ಟು ದಿನ ಅಂತ ಈಗ್ಲೇ ಏನು ಹೇಳ್ಲಿ, ನೋಡಣ." ಆಮೇಲೆ ತುಸು ತಡೆದು, "ಇಲ್ಲ, ಅವರಿಗೆ ಹೇಳೋಂಥದ್ದೇನಿಲ್ಲ," ಎಂದಳು.

ನನಗೆ ಚಾವಡಿ ಬೀದಿಯ ತಮ್ಮ ನೆನಪಾದ. ಮೂರು ಗಂಟೆಯ ಬಸ್ಸು ಹತ್ತಿ ಅವಳು ಹೋದರೆ ನಮ್ಮ ಬೀದಿ ಕತ್ತಲಾಗುವುದಿಲ್ಲ, ನಾನು ಮಾರಿದ ಪೆಟ್ಟಿಗೆಗಳು ನೋಡಿಕೊಳ್ಳುತ್ತವೆ. ಅದು ಸಮಾಧಾನ ಕೊಡಬೇಕಿತ್ತು, ಕೊಡಲಿಲ್ಲ. ಕತ್ತಲಾದರೆ ಜನ ಬಂದು ಬಾಗಿಲು ಬಡಿಯುತ್ತಾರೆ, ಹೋಗಿ ಕರೆದುಕೊಂಡು ಬಾ ಎಂದು ಹೊಡೆದು ಅಟ್ಟುತ್ತಾರೆ. ಈಗ ಅವಳು ಹೋಗಿ ಹತ್ತು ವರ್ಷವಾದರೂ ಯಾರೂ ಏನೂ ಕೇಳುವುದಿಲ್ಲ. ನಾನು ಹೆದರಿದೆ. ಹೆದರಿಯೂ ಬಾಯಿ ಬಿಡಲಿಲ್ಲ, ಅಂಥ ದೊಡ್ಡ ಮನುಷ್ಯ ನಾನು.

ಬುಧವಾರ ಮಧ್ಯಾಹ್ನ ಚೆನ್ನಾಜಮ್ಮ ಯಾರ ಕೈಯಲ್ಲೋ ಹೇಳಿಕಳಿಸಿದಳು, ಪೆಟ್ಟಿಗೆ ನೋಡಬೇಕಂತೆ. ಹೋದೆ. ಮನೆಯಲ್ಲಿ ಸೀಮೆಎಣ್ಣೆಯ ವಾಸನೆ. ಆಗ ನನಗೆ ಹೊಳೆಯಿತು, ಇಷ್ಟು ದಿನ ಬೀದಿಯಲ್ಲಿ ಕತ್ತಲಲ್ಲಿದ್ದವಳು ಇವಳೊಬ್ಬಳೇ. ತಲೆತಗ್ಗಿಸಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿದೆ. ಬ್ಯಾಟರಿ ಪೂರ್ತಿ ಇಳಿದಿತ್ತು, ಬೇರೆ ದೋಷವೇನೂ ಇರಲಿಲ್ಲ.

"ಕರೆಂಟಿಲ್ದೆ ಚಾರ್ಜು ಎಲ್ಲಿಂದ ಬರ್ಬೇಕಜ್ಜಿ," ಎಂದೆ.

"ಪೂರಾ ಇಲ್ಲ ಅನ್ನಂಗೂ ಇಲ್ಲ ಕಣಪ್ಪಾ," ಎಂದಳು ಅವಳು. "ಆಗೀಗ ಬತ್ತದೆ. ಟಕ್ ಅಂತದೆ, ಗೊಂಯ್ ಅಂತದೆ. ಬಂತಲ್ಲ ಅಂತ ನಾನು ಕೈ ಕಾಯಿಸಕೆ ಬಂದು ಕೂರೋಷ್ಟ್ರಲ್ಲಿ ಮತ್ತೆ ಟಕ್. ಆರು ಸಲ ಆಯ್ತು."

"ಆರು ಸಲ ಬಂದು ಹೋಯ್ತಾ?"

"ಹೂಂ. ಮೊದ್ಲು ಚೆನ್ನಾಗಿ ಬಿಸಿ ಆಗೋವರ್ಗೂ ಇತ್ತು. ಬರ್ತಾ ಬರ್ತಾ ಕಮ್ಮಿ ಆಯ್ತು. ನಿನ್ನೆ ಮಧ್ಯಾಹ್ನ ಮುಟ್ಟಿ ನೋಡ್ದೆ, ಬೆಚ್ಚಗೂ ಆಗಿರ್ಲಿಲ್ಲ, ಹೋಯ್ತು." ಅವಳು ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡೇ ಹೇಳಿದಳು. "ಯಾರ ಮನೇದೋ ನಂಗೊತ್ತಿಲ್ಲ. ಒಬ್ರು ಮಾತಾಡಿಸ್ತಾವ್ರೆ, ಇನ್ನೊಬ್ರು ಓಗೊಡ್ತಿಲ್ಲ. ಪಾಪ, ಕಾದೂ ಕಾದೂ ಮತ್ತೆ ಬಾಯಿ ಮುಚ್ಕೊತಾವ್ರೆ."

ಸ್ಕ್ರೂಗಳನ್ನು ಹಾಕಿದೆನೋ ಇಲ್ಲವೋ ನೆನಪಿಲ್ಲ. ಮನೆಗೆ ಬಂದು ಹೊಸ ಪೆಟ್ಟಿಗೆಯ ಗುಂಡಿ ಒತ್ತಿದೆ. ಅದರಲ್ಲಿ ಇನ್ನೊಂದು ಗುಣವಿದೆ, ಬೀದಿಯ ಕರೆಂಟು ಯಾವಾಗ ಬಂತು, ಎಷ್ಟು ಹೊತ್ತಿತ್ತು ಎಂದು ಒಳಗೇ ಬರೆದಿಟ್ಟುಕೊಳ್ಳುತ್ತದೆ. ಗಿರಾಕಿಗಳಿಗೆ ಹೇಳುತ್ತಿದ್ದೆ, ನಾನೇ ಒಂದು ದಿನ ತೆಗೆದು ನೋಡಿರಲಿಲ್ಲ. ತೆಗೆದೆ. ಆರು ಸಾಲುಗಳಿದ್ದವು.

ಮುನಿಸಿನ ಐದನೆಯ ದಿನ, ಬೆಳಿಗ್ಗೆ ಎಂಟೂ ಹತ್ತಕ್ಕೆ ಬಂದಿದೆ, ನಲವತ್ತೊಂದು ನಿಮಿಷ ಇದೆ. ಆ ಹೊತ್ತಿಗೆ ನಾನು ಅಂಗಡಿಯಲ್ಲಿ ಫೋನು ಹಿಡಿದು ಡೀಲರಿನ ಜೊತೆ ಕೂಗಾಡುತ್ತಿದ್ದೆ. ಎಂಟನೆಯ ದಿನ ಇಪ್ಪತ್ತಾರು ನಿಮಿಷ, ಗೋಡೆಗೆ ಡ್ರಿಲ್ ಹೊಡೆಯುತ್ತಿದ್ದೆ. ಹತ್ತನೆಯ ದಿನ ಹನ್ನೆರಡು ನಿಮಿಷ, ಹದಿಮೂರನೆಯ ದಿನ ಒಂಬತ್ತು. ಆ ಒಂಬತ್ತರ ದಿನ ಚೆನ್ನಾಗಿ ನೆನಪಿತ್ತು. ನಾಗೇಂದ್ರಪ್ಪನ ಷಡ್ಡಕ ಯಂತ್ರ ನೋಡಲು ಬಂದಿದ್ದ, ಅವನನ್ನು ನಡುಮನೆಗೇ ಕರೆತಂದು ನಿಲ್ಲಿಸಿ ವಿವರಿಸುತ್ತಿದ್ದೆ. ಅಡುಗೆಮನೆಯ ಬಾಗಿಲಲ್ಲಿ ಅವಳು ನಿಂತಿದ್ದದ್ದು ಕಣ್ಣಂಚಿನಲ್ಲಿ ಕಂಡಿತ್ತು. ಕಾಫಿ ತಂದಿರಬಹುದು ಎಂದುಕೊಂಡು ತಿರುಗಲೂ ಇಲ್ಲ. ಹದಿನೈದನೆಯ ದಿನ ನಾಲ್ಕು ನಿಮಿಷ, ಊಟ ಮಾಡಿ ಗೊರಕೆ ಹೊಡೆಯುವ ವೇಳೆ.

ಕೊನೆಯದು ನಿನ್ನೆ, ಮಧ್ಯಾಹ್ನ ಹನ್ನೆರಡೂ ಇಪ್ಪತ್ತು. ಒಂದು ನಿಮಿಷಕ್ಕೂ ಕಡಿಮೆ. ನಿನ್ನೆ ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಯಾರೂ ಇರಲಿಲ್ಲ, ಫೋನಿಲ್ಲ, ಡ್ರಿಲ್ಲಿಲ್ಲ. ನಾನು ಹೊಸದಾಗಿ ಬಂದ ಒಂದು ಯುಪಿಎಸ್ಸಿಗೆ ಕಿವಿ ಅಂಟಿಸಿಕೊಂಡು, ಇದು ನಿಜವಾಗಿಯೂ ಸದ್ದು ಮಾಡುವುದಿಲ್ಲವೇ ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದೆ.

ಆರು ಸಲ ಅವಳು ಸೋತಿದ್ದಳು. ಮೊದಲ ಸಲ ನಲವತ್ತೊಂದು ನಿಮಿಷ ನನಗಾಗಿ ಕಾದಿದ್ದಳು. ನಾನು ಮಾತ್ರ ಅವಳೇ ಮೊದಲು ಆಡಲಿ ಎಂದು ಗಡ್ಡ ನೀವಿಕೊಂಡು ಕೂತಿದ್ದೆ. ಆ ಸಾಲುಗಳನ್ನು ನೋಡುತ್ತಿದ್ದಂತೆ ನನಗೆ ಅಳು ಬಂತು, ತಡೆಯಲು ಹೋಗಲಿಲ್ಲ.

ದಾಕ್ಷಾಯಿಣಿ ನಡುಮನೆಯ ಆಚೆಯ ಕೋಣೆಯಲ್ಲಿ ಬ್ಯಾಗಿಗೆ ಸೀರೆ ತುಂಬುತ್ತಿದ್ದಳು. ಗಡಿಯಾರದಲ್ಲಿ ಎರಡೂಕಾಲು. ನಾನು ಬಾಗಿಲಲ್ಲಿ ನಿಂತೆ.

"ನಂಗೆ ಕೇಳಿಸ್ಲಿಲ್ಲ ಕಣೆ," ಎಂದೆ. "ಒಂದ್ಸಲವೂ ಕೇಳಿಸ್ಲಿಲ್ಲ."

ಅವಳ ಕೈ ಒಂದು ಕ್ಷಣ ನಿಂತು ಮತ್ತೆ ಮಡಿಸತೊಡಗಿತು. ನಾನು ಅವಳ ಮಣೆಯನ್ನು ತಂದು ಬಾಗಿಲ ಬಳಿ ಹಾಕಿಕೊಂಡು ಕೂತೆ. ಆ ಮಣೆ ಎಷ್ಟು ತಣ್ಣಗಿದೆ ಎಂದು ಆಗ ತಿಳಿಯಿತು. ಅವಳು ನಲವತ್ತೊಂದು ನಿಮಿಷ ಕಾದಿದ್ದಾಳೆ, ನಾನು ಅದಕ್ಕಿಂತ ಒಂದು ನಿಮಿಷವಾದರೂ ಹೆಚ್ಚು ಕಾಯಬೇಕು ಎಂದು ನಿಶ್ಚಯಿಸಿದೆ. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಒಬ್ಬರ ಉತ್ತರಕ್ಕಾಗಿ ಕೂರುವುದು ಎಂಥದೆಂದು ಅನುಭವಿಸಿದವರಿಗೇ ಗೊತ್ತು. ಸೀರೆ ಮುಗಿಯಿತು, ಟವೆಲು ಮುಗಿಯಿತು. ಅವಳು ಬ್ಯಾಗಿನ ಜಿಪ್ಪು ಎಳೆದಳು, ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಕೈ ಹಾಕಲೆಂದು ಎದ್ದೆ, ಮತ್ತೆ ಕೂತೆ. ಮೂರಕ್ಕೆ ಐದು ನಿಮಿಷವಿರುವಾಗ ಸ್ಟ್ಯಾಂಡಿನಲ್ಲಿ ಬಸ್ಸು ಹಾರನ್ ಹೊಡೆಯಿತು. ಅವಳು ಬ್ಯಾಗಿನ ಹಿಡಿ ಹಿಡಿದು ನಿಂತಳು. ನಾನು ಬಾಗಿಲಿಗೆ ಅಡ್ಡವಾಗಿ ಕೂತಿದ್ದೆ, ಸ್ವಲ್ಪ ಸರೀರಿ ಎಂದು ಅವಳು ಹೇಳಿದ್ದರೆ ಸರಿಯುತ್ತಿದ್ದೆ. ಅವಳು ಹೇಳಲಿಲ್ಲ. ಬಸ್ಸು ಎರಡನೆಯ ಸಲ ಕೂಗಿ ಹೊರಟುಹೋದದ್ದು ಇಬ್ಬರಿಗೂ ಕೇಳಿಸಿತು.

"ನಾನು ಮಾತಾಡಿಸಿದ್ದೆ ಅಂತ ನಿಮಗೆ ಯಾರು ಹೇಳಿದ್ರು?" ಎಂದಳು ಕೊನೆಗೆ, ಬ್ಯಾಗನ್ನು ನೋಡುತ್ತ.

"ಪೆಟ್ಟಿಗೆ."

"ಆ ಹಾಳು ಪೆಟ್ಟಿಗೆಗೆ ಕೇಳಿಸ್ತು. ನಿಮಗೆ ಕೇಳಿಸ್ಲಿಲ್ಲ."

"ಇಪ್ಪತ್ತೆಂಟು ವರ್ಷ ಅಂದದ್ದು ನಿನ್ನ ಬಗ್ಗೆ ಅಲ್ಲ. ಆ ಮಾತು ಆಡ್ಬಾರ್ದಿತ್ತು," ಎಂದೆ.

"ಆಡ್ಬಾರ್ದಿತ್ತು," ಎಂದಳು. ಮಂಚದ ತುದಿಯಲ್ಲಿ ಕೂತಳು.

"ಮೊದಲ್ನೇ ದಿನ ಏನಂದೆ?"

"ಹಿಟ್ಟಿನ ಪಾತ್ರೆಗೆ ಕಂಬಳಿ ಸುತ್ತಿಟ್ಟಿದ್ದೆ. ಚೆನ್ನಾಗಿ ಉಬ್ಬಿತ್ತು. ಇಡ್ಲಿ ಮೆತ್ತಗೆ ಬಂದಿದೆ, ಬನ್ನಿ ಅಂದೆ. ನೀವು ಬರ್ಲಿಲ್ಲ. ತಣ್ಣಗಾದ ಮೇಲೆ ತಟ್ಟೇಲಿ ತಂದಿಟ್ಟೆ, ತಿಂದ್ರಿ."

ನನಗೆ ಆ ಇಡ್ಲಿಯ ರುಚಿ ನೆನಪಿಗೆ ಬರಲಿಲ್ಲ. ಆಮೇಲಿನದು ಒಂದೊಂದೇ ಹೇಳಿದಳು. ಮಂಡಿನೋವಿಗೆ ಎಣ್ಣೆ ತಂದುಕೊಡಿ ಎಂದಿದ್ದಳು. ಹಳೇದು ಹೋದರೆ ಹೋಗಲಿ, ನನಗೇನೂ ಬೇಜಾರಿಲ್ಲ ಎಂದಿದ್ದಳು. ನಾಗೇಂದ್ರಪ್ಪನ ಷಡ್ಡಕನ ಎದುರಿಗೆ, ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದ್ದಳು. ನಾನು ನಿದ್ದೆಯಲ್ಲಿದ್ದಾಗ, ಏಳಿ, ಮಾತಾಡೋಣ ಎಂದಿದ್ದಳು.

"ನಿನ್ನೆ?" ಎಂದೆ. "ನಿನ್ನೆ ಒಂದು ನಿಮಿಷವೂ ಕಾಯ್ಲಿಲ್ಲ ನೀನು. ಏನಂದೆ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಇನ್ನೇನೂ ಹೇಳೋದು ಉಳಿದಿರ್ಲಿಲ್ಲ. ಹೆಸರು ಕರೆದೆ, ಅಷ್ಟೇ."

"ಯಾರ ಹೆಸರು?"

"ಯಾರದಂತೆ. ಮನೇಲಿ ಇನ್ಯಾರಿದಾರೆ."

ದಾಕ್ಷಾಯಿಣಿಯ ತವರಿನ ಕಡೆ ಗಂಡನ ಹೆಸರನ್ನು ಬಾಯಲ್ಲಿ ಹೇಳುವುದಿಲ್ಲ. ಮದುವೆಯ ದಿನ ಹೆಂಗಸರೆಲ್ಲ ಹಿಡಿದು ಪೀಡಿಸಿದರೂ ಅವಳು ಹೇಳಿರಲಿಲ್ಲ. ರೇಷನ್ ಕಾರ್ಡಿನ ಆಫೀಸಿನಲ್ಲಿ ಯಜಮಾನರ ಹೆಸರೇನಮ್ಮ ಎಂದು ಕೇಳಿದಾಗ ನನ್ನನ್ನು ಬೆರಳು ಮಾಡಿ ತೋರಿಸಿದ್ದಳು. ರೀ ಎಂದೋ, ಇಲ್ಲಿ ಕೇಳಿ ಎಂದೋ, ಅದೂ ಇಲ್ಲದೆ ಬಳೆ ಸದ್ದು ಮಾಡಿಯೋ ಇಪ್ಪತ್ತೆಂಟು ವರ್ಷ ಕರೆದವಳು, ನಿನ್ನೆ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಅಡುಗೆಮನೆಯಲ್ಲಿ ನಿಂತು ಪಂಚಾಕ್ಷರಿ ಎಂದು ಕರೆದಿದ್ದಾಳೆ. ನಾನು ಹತ್ತು ಹೆಜ್ಜೆ ಆಚೆ ಒಂದು ಡಬ್ಬಕ್ಕೆ ಕಿವಿ ಕೊಟ್ಟು ಕೂತಿದ್ದೆ.

"ಇನ್ನೊಂದ್ಸಲ ಕರಿ," ಎಂದೆ.

"ಹೋಗ್ರಿ ಆ ಕಡೆ," ಎಂದು ಎದ್ದಳು. "ಅದೇನು ಬೇಕಂದಾಗೆಲ್ಲ ಬಾಯಿಗೆ ಬರೋದಾ." ಸಿಕ್ಕಿಕೊಂಡ ಜಿಪ್ಪನ್ನು ಹಿಂದಕ್ಕೆಳೆದು ಬ್ಯಾಗಿನಿಂದ ಸೀರೆಗಳನ್ನು ತೆಗೆಯತೊಡಗಿದಳು. ಆಚೆ ಚೆನ್ನಾಜಮ್ಮನ ಮನೆಯ ಕಡೆಯಿಂದ ಗೊಂಯ್ ಎಂಬ ಸದ್ದು ಬರುತ್ತಿತ್ತು, ಯಾವಾಗಿನಿಂದ ಬರುತ್ತಿತ್ತೋ.

ಇದಾಗಿ ಒಂದು ವರ್ಷವಾಯಿತು. ಅವಳು ಮತ್ತೆ ಕರೆದಿಲ್ಲ. ಕರೆದರೆ ಎಂದು ನಾನು ಕಾಯುತ್ತೇನೆ. ಒಳಗಿನಿಂದ ಅವಳ ದನಿಯ ಒಂದು ಎಳೆ ಬಂದರೂ ಸಾಕು, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಎದುರಿಗೆ ಕೂತ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಓಡುತ್ತೇನೆ. ಬಹುಪಾಲು ಕರಿಬೇವು ತನ್ನಿ ಎಂದಿರುತ್ತಾಳೆ. ಹೋಗಿ ತರುತ್ತೇನೆ.